ಬಿಸಿನೀರಿನ ಬುಗ್ಗೆಗೆ ಒಂದು ‘ಸುಲಭ ನಡಿಗೆ’

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡರೆ ಮೊದಲು ಕೇಳುವುದು ಕರಡಿಯ ವಿಷಯ. ಎದುರಿಗೆ ಬಂದರೆ ಏನು ಮಾಡಬೇಕು ಆಂಟಿ ಅನ್ನುತ್ತಾರೆ. ಷಿಕಾಗೋ, ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮ ಜನರನ್ನು ಕಟ್ಟಿಕೊಂಡು ನಾನು ಎಷ್ಟೋ ವರ್ಷ ಕಾಡುಮೇಡು ಅಲೆದಿದ್ದೇನೆ. ಕರಡಿಯನ್ನು ಕಂಡದ್ದು ಅಪರೂಪ. ಕಂಡಾಗಲೂ ನಮ್ಮವರ ಗಲಾಟೆ ಕೇಳಿ ಅದೇ ಓಡಿಹೋಯಿತು. ನಮಗೆ ತೊಂದರೆಯಾದದ್ದೆಲ್ಲ ಹೊಸ ಬೂಟಿನಿಂದ, ಉಪ್ಪಿನಕಾಯಿ ಬಾಟಲಿಯಿಂದ, ದಂಪತಿಗಳು ಅರ್ಧ ದಾರಿಯಲ್ಲಿ ಶುರುಮಾಡಿದ ಜಗಳದಿಂದ. ಮತ್ತೆ ನಮ್ಮ ಮಾಲೀಕರಾದ ಕುಲಕರ್ಣಿ ಸರ್ ಬರೆಯುತ್ತಿದ್ದ ಜಾಹೀರಾತಿನಿಂದ.

ಕುಲಕರ್ಣಿ ಸರ್ ಧಾರವಾಡದವರು. ಷಿಕಾಗೋ ಪಕ್ಕದ ಶಾಮ್‌ಬರ್ಗ್‌ನ ಒಂದು ಸಾಲು ಅಂಗಡಿಗಳ ಮಹಡಿಯಲ್ಲಿ, ಇಂಡಿಯನ್ ಗ್ರೋಸರಿಯ ನೆತ್ತಿಗೆ ಸರಿಯಾಗಿ, ಅವರ ಟ್ರಾವೆಲ್ ಆಫೀಸು. ಕೆಳಗೆ ಸಮೋಸ ಕರಿದರೆ ನಮ್ಮ ಫೈಲುಗಳೆಲ್ಲ ಸಮೋಸದ ವಾಸನೆ ಹಿಡಿಯುತ್ತಿದ್ದವು. ನಾನು ಅಲ್ಲಿಗೆ ಸೇರಿದ್ದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹೋದ ಮೇಲೆ, ಟಿಕೆಟ್ ಬುಕ್ ಮಾಡುವ ಹುದ್ದೆಗೆ. ಒಂದು ಬೇಸಿಗೆ ಟ್ರಿಪ್ ಲೀಡರ್ ಕೈಕೊಟ್ಟ. ‘ನೀವಽ ಹೋಗಿ ಬರ್ರಿ ಪದ್ಮಿನಿ, ಬರೇ ನಡಿಯೂದು ಅದ’ ಎಂದರು. ಹೋದೆ. ಆಮೇಲೆ ನಡೆಯುತ್ತಲೇ ಇದ್ದೆ.

ಸರ್ ಸ್ವತಃ ನಡೆದದ್ದನ್ನು ನಾನು ಕಂಡಿದ್ದು ಕಾರಿನಿಂದ ಆಫೀಸಿನ ಬಾಗಿಲವರೆಗೆ ಮಾತ್ರ. ಆದರೆ ಅಮೆರಿಕದ ಯಾವ ಬೆಟ್ಟ ಎಷ್ಟು ಕಡಿದಾಗಿದೆ ಎಂದು ತೀರ್ಮಾನ ಮಾಡುವವರು ಅವರೇ. ಅವರ ಜಾಹೀರಾತಿನಲ್ಲಿ ನಡಿಗೆ ಎರಡೇ ಬಗೆ: ಸುಲಭ, ಅತಿ ಸುಲಭ.

ಇದರಿಂದ ಆದ ಪಜೀತಿಗಳಲ್ಲಿ ಒಂದನ್ನು ಹೇಳಿಬಿಡುತ್ತೇನೆ. ವಯೋಮಿಂಗ್‌ನ ಒಂದು ಟ್ರಿಪ್ಪಿಗೆ ನೇಪರ್‌ವಿಲ್‌ನ ಒಬ್ಬರು ‘ಅತಿ ಸುಲಭ’ ಅಂತ ಓದಿಕೊಂಡು ಇಡ್ಲಿ ಹಿಟ್ಟನ್ನೇ ತಂದಿದ್ದರು, ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಅದನ್ನು ಕರಡಿಗೆ ಸಿಗದಂತೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆವು. ಮಧ್ಯಾಹ್ನದ ಬಿಸಿಲು, ಎತ್ತರದ ಜಾಗ. ಹಿಟ್ಟು ಉಬ್ಬಿತು. ಅರಣ್ಯ ಇಲಾಖೆಯ ರೇಂಜರ್ ಬಂದು, ಪೆಟ್ಟಿಗೆ ಸರಿಯಾಗಿ ಬಳಸುತ್ತಿದ್ದೀರಾ ನೋಡೋಣ ಎಂದು ತೆರೆಯುವುದಕ್ಕೂ ಡಬ್ಬಿ ಸಿಡಿಯುವುದಕ್ಕೂ ಸರಿಹೋಯಿತು. ಆತ ತಲೆಯಿಂದ ಟೋಪಿ ತೆಗೆದು, ಅದರ ಅಂಚಿನಿಂದ ಹಿಟ್ಟು ಇಳಿಯುವುದನ್ನು ನೋಡಿ, ‘ಮೇಡಂ, ಇದು ಜೀವಂತವಾಗಿದೆಯೇ?’ ಎಂದು ಕೇಳಿದ. ಒಂದು ರೀತಿಯಲ್ಲಿ ಹೌದು ಎಂದೆ. ಪಾಪ, ಒಳ್ಳೆಯವನು. ಎಚ್ಚರಿಕೆ ಕೊಟ್ಟು ಬಿಟ್ಟ.

ಆದರೆ ನಾನು ಬರೆಯಲು ಕುಳಿತದ್ದು ಐಡಹೋದ ಬಿಸಿನೀರಿನ ಬುಗ್ಗೆಯ ವಿಷಯ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರವೇ ಅಲ್ಲಿ ಯಾರಾದರೂ ನಿಂತು ರೀಲ್ಸ್ ಮಾಡುತ್ತಾರೆ. ರಸ್ತೆಯಿಂದ ಏಳು ಮೈಲಿ ಒಳಗೆ. ನಡುವೆ ಸೇತುವೆಯಿಲ್ಲದ ಹೊಳೆ, ಅದರಾಚೆ ಕಾಳ್ಗಿಚ್ಚಿನಲ್ಲಿ ಸುಟ್ಟು ಮರಗಳು ಅಡ್ಡಾದಿಡ್ಡಿ ಬಿದ್ದಿರುವ ಏರು. ಅದನ್ನು ಹತ್ತಿದರೆ ಬಂಡೆಗಳ ನಡುವೆ ಹಬೆಯಾಡುವ ಒಂದು ಕೊಳ. ಒಂದು ರಾತ್ರಿ ಅಲ್ಲೇ ಟೆಂಟ್ ಹಾಕಿ, ಮರುದಿನ ವಾಪಸು.

‘ಸರ್, ಇದು ಕಷ್ಟದ ಹಾದಿ. ಹಾಗೇ ಬರೀರಿ’ ಎಂದೆ.

‘ಕಷ್ಟ ಅಂತ ಬರದ್ರ ಯಾರ್ ಬರ್ತಾರ್ರೀ? ಬಂದ ಮ್ಯಾಲೆ ಅವರಿಗೇ ಗೊತ್ತಾಗ್ತದಲ್ಲ’ ಎಂದರು ಕುಲಕರ್ಣಿ ಸರ್. ಜಾಹೀರಾತು ಹೊರಬಿತ್ತು: ಪ್ರಕೃತಿಯ ಮಡಿಲಲ್ಲಿ ಬಿಸಿನೀರ ಸ್ನಾನ, ಸುಲಭ ನಡಿಗೆ, ಎಲ್ಲ ವಯಸ್ಸಿನವರಿಗೂ.

ಎಲ್ಲ ವಯಸ್ಸಿನವರೂ ಬಂದರು. ಎಪ್ಪತ್ತು ದಾಟಿದ ಜಯಲಕ್ಷ್ಮಮ್ಮ, ಅವರ ಮಗಳು ವಿದ್ಯಾ, ಮೊಮ್ಮಗಳು ಅನಿಕಾ ನೇಪರ್‌ವಿಲ್‌ನಿಂದ. ಜಯಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದ ಈಕೆ ಮಂಡ್ಯದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ವಿದ್ಯಾ ಐಟಿ ಮ್ಯಾನೇಜರ್, ಎಲ್ಲದರಲ್ಲೂ ಅಪಾಯವನ್ನು ಮೊದಲು ಹುಡುಕುವುದು ಆಕೆಯ ಕೆಲಸವೇ ಆಗಿತ್ತು, ಮನೆಯಲ್ಲೂ ಅದನ್ನು ಬಿಟ್ಟಿರಲಿಲ್ಲ. ಹದಿನಾರು ವರ್ಷದ ಅನಿಕಾ ಕನ್ನಡವನ್ನು ಪೂರ್ತಿ ಅರ್ಥಮಾಡಿಕೊಂಡು ಪೂರ್ತಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಮಿಶಿಗನ್ ಕಡೆಯಿಂದ, ನಾರ್ತ್‌ವಿಲ್‌ನ ಪ್ರಶಾಂತ್ ಮತ್ತು ಅವನ ಹೆಂಡತಿ ಸೌಮ್ಯ. ಪ್ರಶಾಂತ್ ಕಾರಿನ ಬ್ರೇಕುಗಳ ಎಂಜಿನಿಯರ್.

ಹೋಗುವ ಮೊದಲು ತಯಾರಿ ಮಾಡಿಸಲೇಬೇಕೆಂದು ನಾನು ಹಟ ಹಿಡಿದೆ. ಆದರೆ ನಮ್ಮ ಇಲಿನಾಯ್‌ನಲ್ಲಿ ಹತ್ತಲು ಏನಿದೆ? ಇಡೀ ರಾಜ್ಯ ಚೆನ್ನಾಗಿ ಲಟ್ಟಿಸಿದ ಚಪಾತಿ. ಕೊನೆಗೆ ಶಾಮ್‌ಬರ್ಗ್‌ನ ದೊಡ್ಡ ಮಾಲ್ ಹತ್ತಿರದ ಪಾರ್ಕಿಂಗ್ ಕಟ್ಟಡವನ್ನೇ ನಮ್ಮ ಬೆಟ್ಟ ಮಾಡಿಕೊಂಡೆವು. ಭಾನುವಾರ ಬೆಳಿಗ್ಗೆ ಬೆನ್ನಿಗೆ ಸೋನಾ ಮಸೂರಿ ಅಕ್ಕಿ ಚೀಲ ಕಟ್ಟಿಕೊಂಡು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ. ಸೆಕ್ಯುರಿಟಿ ಗಾರ್ಡ್ ಒಬ್ಬ ಚಿಕ್ಕ ಗಾಡಿಯಲ್ಲಿ ಬಂದು, ‘ಕಾರು ಎಲ್ಲಿ ನಿಲ್ಲಿಸಿದ್ದೀರೆಂದು ಮರೆತಿರಾ?’ ಎಂದು ಕೇಳಿದ. ಇಲ್ಲ, ವ್ಯಾಯಾಮ ಎಂದೆ. ಅಕ್ಕಿ ಚೀಲದ ಕಡೆ ನೋಡಿ ಹೋದ. ಇನ್ನೊಂದು ಮಹಡಿಯಲ್ಲಿ ಮತ್ತೆ ಬಂದು, ‘ನಿಜ ಹೇಳಿ, ನಾಚಿಕೆ ಏನಿಲ್ಲ, ದಿನಾ ಯಾರಾದರೂ ಮರೆಯುತ್ತಾರೆ’ ಎಂದ. ಜಯಮ್ಮ ಕಂಬಿ ಹಿಡಿದುಕೊಂಡು, ಪ್ರತಿ ತಿರುವಿನಲ್ಲೂ ನಿಂತು, ಬಲಮಂಡಿಯನ್ನು ಒತ್ತಿಕೊಳ್ಳುತ್ತ ಹತ್ತಿದರು. ಮಂಡಿ ನೋವಾ ಅಂದರೆ, ‘ನೋವಲ್ಲ, ಸದ್ದು’ ಅಂದರು.

ನಾರ್ತ್‌ವಿಲ್‌ನಲ್ಲಿ ಪ್ರಶಾಂತ್ ಬೇಸ್‌ಮೆಂಟಿನ ಟ್ರೆಡ್‌ಮಿಲ್ ಮೇಲೆ ತಯಾರಾಗುತ್ತಿದ್ದ. ದಿನವೂ ವಾಟ್ಸಾಪ್ ಗುಂಪಿಗೆ ಅದರ ಪರದೆಯ ಫೋಟೋ ಹಾಕುತ್ತಿದ್ದ. ಆ ಯಂತ್ರದ ಲೆಕ್ಕದಲ್ಲಿ ಅವನು ಮನೆ ಬಿಟ್ಟು ಕದಲದೆ ಹಿಮಾಲಯದ ಅರ್ಧ ಏರಿಬಿಟ್ಟಿದ್ದ. ನಾನು ಕೆಲಸಕ್ಕೆ ಸೇರಿದಾಗ ಲೀಡರ್ ಕೈಯಲ್ಲಿ ಒಂದು ಕಾಗದದ ನಕ್ಷೆ ಇರುತ್ತಿತ್ತು, ಉಳಿದವರು ಅವನ ಬೆನ್ನು ನೋಡಿಕೊಂಡು ಬರುತ್ತಿದ್ದರು. ಈಗ ಪ್ರತಿಯೊಬ್ಬರ ಫೋನಿನಲ್ಲೂ ಒಂದೊಂದು ದಾರಿ. ಯಾರ ದಾರಿ ಸರಿ ಎಂದು ತೀರ್ಮಾನವಾಗುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ.

ಐಡಹೋದ ಬಾಯ್ಸಿ ಊರಿನ ಮೋಟೆಲಿನಲ್ಲಿ ಎಲ್ಲರ ಚೀಲ ಬಿಚ್ಚಿಸಿದೆ. ಹೊಸ ಲೀಡರುಗಳೇ, ಇದನ್ನು ಮಾತ್ರ ಎಂದೂ ಬಿಡಬೇಡಿ. ಸೌಮ್ಯ ಗಾಲಿ ಸೂಟ್‌ಕೇಸ್ ತಂದಿದ್ದಳು. ಪ್ರಶಾಂತನ ಚೀಲದಲ್ಲಿ ನೀರು ಶುದ್ಧಿ ಮಾಡುವ ಸಾಧನ, ಅದು ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮಾತ್ರೆ ಇದ್ದವು. ಊಟದ ತಟ್ಟೆ ಇರಲಿಲ್ಲ. ಜಯಮ್ಮನ ಚೀಲದಿಂದ ಹೊರಬಂದದ್ದು ಹತ್ತಿಯ ಸೀರೆ, ಹರಳೆಣ್ಣೆ ಶೀಶೆ, ಚಟ್ನಿಪುಡಿ, ಡ್ರಿಲ್ ಸೀಟಿ, ಮತ್ತು ಒಂದು ಹಿತ್ತಾಳೆ ಚೊಂಬು.

‘ಜಯಮ್ಮ, ಇದು ಭಾರ ಆಗುತ್ತೆ. ಬಿಟ್ಬಿಡಿ’ ಎಂದೆ.

‘ಸ್ನಾನಕ್ಕೆ ತಾನೆ ಹೋಗ್ತಿರೋದು?’ ಎಂದರು.

‘ಅಲ್ಲಿ ಕೊಳಕ್ಕೇ ಇಳಿಯೋದು.’

‘ಇಳೀರಿ ನೀವೆಲ್ಲ. ತಲೆ ಮೇಲೆ ನೀರು ಹುಯ್ಕೊಳ್ದೆ ಇದ್ರೆ ಅದು ಸ್ನಾನ ಹೆಂಗಾಗುತ್ತಮ್ಮ?’

ಚೊಂಬು ಚೀಲಕ್ಕೆ ಮರಳಿತು.

ಮರುದಿನ ಬೆಳಿಗ್ಗೆ ನಡೆಯಲು ಶುರುಮಾಡಿದಾಗ ಮೊದಲ ಮೈಲಿ ನಿಜವಾಗಿಯೂ ಸುಲಭವಾಗಿತ್ತು. ಕುಲಕರ್ಣಿ ಸರ್ ಯಾರೋ ಕಳಿಸಿದ ಈ ಮೊದಲ ಮೈಲಿಯ ಫೋಟೋ ನೋಡಿಯೇ ಬರೆದಿರಬೇಕು. ಆಮೇಲೆ ಹೊಳೆ ಬಂತು. ಹಿಮ ಕರಗಿದ ನೀರು, ಮಂಡಿಗಿಂತ ಮೇಲೆ. ಚೀಲದ ಸೊಂಟಪಟ್ಟಿ ಬಿಚ್ಚಿ, ತೋಳಿಗೆ ತೋಳು ಸೇರಿಸಿ, ಹರಿವಿಗೆ ಎದುರಾಗಿ ಅಡ್ಡಡ್ಡ ಹೆಜ್ಜೆ ಇಡಬೇಕು ಎಂದು ಹೇಳಿಕೊಟ್ಟೆ. ನೀರಿಗಿಳಿದ ಕೂಡಲೇ ನಾನು ಹೇಳಿದ್ದನ್ನೆಲ್ಲ ಎಲ್ಲರೂ ಮರೆತರು. ಪ್ರಶಾಂತ್ ನಡುನೀರಿನಲ್ಲಿ ನಿಂತು, ‘ನನ್ನ ಹಾರ್ಟ್ ರೇಟ್ ಜಾಸ್ತಿ ಆಗಿದೆ, ವಾಚು ರೆಸ್ಟ್ ತಗೋ ಅಂತಿದೆ’ ಎಂದ.

‘ಇಲ್ಲಿ ಎಲ್ಲಿ ಕೂತ್ಕೊಳ್ತೀರಾ?’ ಎಂದಳು ಸೌಮ್ಯ, ಹಲ್ಲು ಕಟಕಟಿಸುತ್ತ.

ಆಗ ಸೀಟಿ ಕೇಳಿಸಿತು. ಜಯಮ್ಮ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ‘ಲೆಫ್ಟ್’ ಎಂದರು. ನಾವು ಐವರೂ ಎಡಗಾಲು ಇಟ್ಟೆವು. ‘ರೈಟ್’ ಎಂದರು. ಇಟ್ಟೆವು. ಆಚೆ ದಡ ಸೇರುವವರೆಗೆ ಹಾಗೇ ನಡೆದೆವು. ದಡದ ಮೇಲೆ ಅನಿಕಾ ಮೆಲ್ಲಗೆ, ‘ಅಜ್ಜಿ ಈಸ್ ಕೈಂಡ ಸ್ಕೇರಿ’ ಎಂದಳು. ಅದರಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಕಷ್ಟವಾದದ್ದು ಸುಟ್ಟ ಕಾಡಿನ ಏರಿನಲ್ಲಿ. ಬಿದ್ದ ಮರಗಳನ್ನು ಕೆಲವು ಕಡೆ ಹತ್ತಿ ಇಳಿಯಬೇಕು, ಕೆಲವು ಕಡೆ ಕೆಳಗೆ ನುಸುಳಬೇಕು. ನೆರಳಿಲ್ಲ. ಕೈ, ಬಟ್ಟೆ, ಮುಖವೆಲ್ಲ ಮಸಿ. ಅರ್ಧ ಏರಿನಲ್ಲಿ ಜಯಮ್ಮ ಒಂದು ದಿಮ್ಮಿಯ ಮೇಲೆ ಕುಳಿತವರು ಏಳಲಿಲ್ಲ. ಪ್ಯಾಂಟಿನ ಕಾಲು ಮಡಚಿ ನೋಡಿದರೆ ಬಲಮಂಡಿ ಊದಿತ್ತು.

ವಿದ್ಯಾ ನನ್ನನ್ನು ಪಕ್ಕಕ್ಕೆ ಕರೆದಳು. ‘ಆಂಟಿ, ವಾಪಸ್ ಹೋಗೋಣ. ಡಾಕ್ಟರು ಮಂಡಿ ಬದಲಾಯಿಸ್ಬೇಕು ಅಂತ ಯಾವಾಗ್ಲೋ ಹೇಳಿದಾರೆ. ನಾನು ಡೇಟ್ ಬುಕ್ ಮಾಡೋದು, ಇವರು ಕ್ಯಾನ್ಸಲ್ ಮಾಡೋದು. ಇದೇ ಆಗಿದೆ. ನೀವು ಲೀಡರ್, ನೀವು ಹೇಳಿದ್ರೆ ಕೇಳ್ತಾರೆ.’

ಅವಳು ಹೇಳಿದ್ದು ಸರಿಯಾಗಿತ್ತು. ಈ ಕೆಲಸದಲ್ಲಿ ಅತಿ ಕಷ್ಟದ ವಾಕ್ಯವೆಂದರೆ ‘ಇಲ್ಲಿಂದ ಹಿಂದಿರುಗೋಣ’ ಎಂಬುದು. ಎಷ್ಟೋ ಸಲ ಹೇಳಿದ್ದೇನೆ. ಬೈಸಿಕೊಂಡಿದ್ದೇನೆ. ಅದನ್ನೇ ಹೇಳಲು ಜಯಮ್ಮನ ಪಕ್ಕ ಹೋಗಿ ಕುಳಿತೆ.

ಅವರೇ ಮೊದಲು ಮಾತಾಡಿದರು. ‘ವಿದ್ಯಾ ಹೇಳಿದ್ಲಾ?’

‘ಹೇಳಿದ್ಲು.’

‘ನೋಡಮ್ಮ, ಮೂವತ್ತು ವರ್ಷ ನಾನು ಮಕ್ಕಳನ್ನ ಓಡಿಸ್ದೆ. ಕ್ಯಾಂಪಿಗೆ ಕರ್ಕೊಂಡು ಹೋದ್ರೆ ಅವರು ಬೆಟ್ಟ ಹತ್ತೋರು, ನಾನು ಕೆಳಗೆ ಲಗೇಜು ಕಾಯ್ಕೊಂಡು, ಸೀಟಿ ಊದ್ಕೊಂಡು ನಿಂತಿರೋಳು. ಈಗ ಕಾಲು ಕುಯ್ತೀವಿ ಅಂತಾರೆ. ಕುಯ್ದ ಮೇಲೆ ಹೆಂಗೋ ಏನೋ. ನಮ್ಮ ಬಡಾವಣೇಲಿ ಒಬ್ರು ಮಾಡಿಸ್ಕೊಂಡ್ರು, ಈಗ ಸೋಫಾ ಬಿಟ್ಟು ಏಳಲ್ಲ. ಅದಕ್ಕೇ ಮೊದ್ಲು ಒಂದ್ಸಲ ಎಲ್ಲಿಗಾದ್ರೂ ಹತ್ತಿಬಿಡೋಣ ಅಂತ ಬಂದೆ.’ ಮಂಡಿಯನ್ನು ಒತ್ತಿಕೊಳ್ಳುತ್ತ, ‘ಭಯ ಕಣಮ್ಮ. ಮಗಳ ಹತ್ರ ಹೇಳಕ್ಕಾಗಲ್ಲ. ಅವಳು ಅದಕ್ಕೂ ಒಂದು ಮೀಟಿಂಗ್ ಇಡ್ತಾಳೆ’ ಎಂದರು.

ನಾನು ಮಂಡಿಯನ್ನು ಮುಟ್ಟಿ ನೋಡಿದೆ, ಕಾಲು ಮಡಚಿಸಿ ನೀಡಿಸಿದೆ, ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿದೆ. ಭಾರ ತಡೆಯುತ್ತಿತ್ತು. ಹವೆ ಚೆನ್ನಾಗಿತ್ತು, ಹೊತ್ತು ಬೇಕಾದಷ್ಟಿತ್ತು, ಕಡಿದಾದ ಭಾಗ ಮುಗಿಯುತ್ತ ಬಂದಿತ್ತು. ಇದೇ ಇಳಿಜಾರಿನಲ್ಲಿ ಆ ಕಾಲಿನಿಂದ ಈಗಲೇ ಇಳಿಯುವುದಕ್ಕಿಂತ, ಮೇಲೆ ಹೋಗಿ ಒಂದು ರಾತ್ರಿ ವಿಶ್ರಾಂತಿ ಕೊಟ್ಟು ಇಳಿಸುವುದೇ ಮೇಲು ಅನಿಸಿತು. ಜಯಮ್ಮನ ಬೆನ್ನಿನ ಮೇಲೆ ಏನೂ ಇರಬಾರದು, ಅವರು ಎಲ್ಲರಿಗಿಂತ ಮುಂದೆ ನಡೆಯಬೇಕು, ಉಳಿದವರು ಅವರ ವೇಗಕ್ಕೆ ನಡೆಯಬೇಕು ಎಂದೆ. ವಿದ್ಯಾ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಜಯಮ್ಮನ ಚೀಲವನ್ನು ಪ್ರಶಾಂತ್ ತಾನಾಗಿ ಎತ್ತಿಕೊಂಡ. ಅವನಿಗೂ ಸುಸ್ತಾಗಿತ್ತು, ಆದರೆ ಟ್ರೆಡ್‌ಮಿಲ್ ಫೋಟೋಗಳನ್ನು ಎಲ್ಲರೂ ನೋಡಿದ್ದರಲ್ಲ. ಚೊಂಬು ಒಳಗೆ ಹಿಡಿಸದೆ ಹೊರಗೆ ನೇತಾಡುತ್ತ ಅವನ ನೀರಿನ ಬಾಟಲಿಗೆ ಬಡಿದು ಹೆಜ್ಜೆಹೆಜ್ಜೆಗೂ ಢಣ್ ಎನ್ನುತ್ತಿತ್ತು. ‘ಕರಡಿ ಬರಲ್ಲ ಬಿಡಿ’ ಎಂದಳು ಸೌಮ್ಯ. ‘ಪೂಜೆಗೆ ಅಂತ ಯಾರಾದ್ರೂ ಬರಬಹುದು.’

ಹೀಗೆ ಢಣ್ ಢಣ್ ಎನ್ನುತ್ತ ಕೊನೆಯ ತಿರುವು ದಾಟಿದಾಗ ಗಂಧಕದ ವಾಸನೆ ಮೂಗಿಗೆ ಬಡಿಯಿತು. ಬಂಡೆಗಳ ನಡುವೆ ಹಬೆ, ಅದರ ಕೆಳಗೆ ಹಸಿರು ನೀಲಿ ನೀರು, ಸುತ್ತ ದೇವದಾರು ಮರಗಳು. ಎಲ್ಲರೂ ನಿಂತುಬಿಟ್ಟರು. ಅಷ್ಟರಲ್ಲಿ ಗಾಳಿ ಬೀಸಿ ಹಬೆ ಸರಿಯಿತು.

ಕೊಳದಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ. ಅಮೆರಿಕನ್ನರು. ಆತ ನೀರಿನೊಳಗೆ ಎದೆಮಟ್ಟ ಕುಳಿತಿದ್ದ, ಆಕೆ ಬಂಡೆಯ ಮೇಲೆ ಕಾಲು ಇಳಿಬಿಟ್ಟುಕೊಂಡಿದ್ದಳು. ಇಬ್ಬರ ಮೈಮೇಲೂ ನೂಲಿನ ಎಳೆಯಿರಲಿಲ್ಲ.

ಅಂಥ ದೂರದ ಬುಗ್ಗೆಗಳಲ್ಲಿ ಇದು ಮಾಮೂಲು ಎಂದು ನನಗೆ ಗೊತ್ತಿತ್ತು. ಆದರೆ ಜಾಹೀರಾತಿನಲ್ಲಿ ಇರಲಿಲ್ಲ. ವಿದ್ಯಾ ಮಗಳ ಕಣ್ಣಿಗೆ ಕೈ ಅಡ್ಡ ಹಿಡಿದಳು. ‘ಅಮ್ಮಾ, ಐ ಟೇಕ್ ಬಯಾಲಜಿ’ ಎಂದಳು ಅನಿಕಾ. ಸೌಮ್ಯ ಆಕಾಶದಲ್ಲಿ ಹಕ್ಕಿ ಹುಡುಕತೊಡಗಿದಳು. ಪ್ರಶಾಂತ್ ತನ್ನ ವಾಚನ್ನು ಎಷ್ಟು ಗಂಭೀರವಾಗಿ ನೋಡತೊಡಗಿದನೆಂದರೆ ಅದರಲ್ಲಿ ಯಾವುದೋ ಯುದ್ಧದ ಸುದ್ದಿ ಬರುತ್ತಿದೆ ಎನ್ನಬೇಕು. ನಾನು ಲೀಡರ್. ಏನಾದರೂ ಹೇಳಬೇಕಿತ್ತು. ಬಗ್ಗಿ ಬೂಟಿನ ಲೇಸು ಬಿಗಿ ಮಾಡತೊಡಗಿದೆ.

ಜಯಮ್ಮ ಮುಂದೆ ಹೋಗಿ ನಿಂತು ಡ್ರಿಲ್ ಟೀಚರ್ ದನಿಯಲ್ಲಿ, ‘ಗುಡ್ ಆಫ್ಟರ್‌ನೂನ್. ಹೌ ಈಸ್ ದ ವಾಟರ್?’ ಎಂದರು.

ನೀರು ಸೊಗಸಾಗಿದೆ, ಜಾಗ ಬೇಕಾದಷ್ಟಿದೆ, ಬನ್ನಿ ಎಂದಳು ಆಕೆ. ಹೆಸರು ಜೂನ್, ಗಂಡ ವಾಲ್ಟ್.

‘ಜಯಮ್ಮ, ಅವರು ಹೋಗೋವರೆಗೂ ಕಾಯೋಣ್ವಾ?’ ಎಂದು ನಾನು ಪಿಸುಗುಟ್ಟಿದೆ.

‘ಯಾಕಮ್ಮ? ಸ್ನಾನಕ್ಕೆ ಯಾರಾದ್ರೂ ಕೋಟು ಹಾಕ್ಕೊಂಡು ಇಳೀತಾರಾ? ಪಾಪ, ಅವರ ಪಾಡಿಗೆ ಅವರಿದಾರೆ’ ಎಂದು ಬಂಡೆಯ ಹಿಂದೆ ಹೋದರು. ಬರುವಾಗ ಹತ್ತಿಯ ಸೀರೆಯನ್ನು ಎದೆಗೆ ಬಿಗಿದು ಕಟ್ಟಿಕೊಂಡಿದ್ದರು, ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಹರಳೆಣ್ಣೆ. ಕೊಳಕ್ಕೆ ಎಣ್ಣೆ ಬಿಡುವಂತಿಲ್ಲ ಎಂದೆ. ನನ್ನನ್ನು ಕರುಣೆಯಿಂದ ನೋಡಿ ಶೀಶೆಯನ್ನು ಬಂಡೆಯ ಮೇಲಿಟ್ಟರು. ನೀರಿಗಿಳಿದು, ಚೊಂಬು ಮುಳುಗಿಸಿ, ಕಣ್ಣು ಮುಚ್ಚಿ ತಲೆಯ ಮೇಲೆ ಸುರಿದುಕೊಂಡರು. ಆಮೇಲೊಂದು ಉಸಿರು ಬಿಟ್ಟರು. ಆ ಉಸಿರು ಕೇಳಿದ ಮೇಲೆ ಅವರನ್ನು ಅರ್ಧ ದಾರಿಯಿಂದ ಹಿಂದೆ ಕರೆದೊಯ್ಯಬೇಕಿತ್ತೇ ಎಂಬ ನನ್ನ ಅನುಮಾನ ಹೋಯಿತು.

ನಾವೂ ಒಬ್ಬೊಬ್ಬರಾಗಿ ಇಳಿದೆವು, ಕುತ್ತಿಗೆಯಿಂದ ಪಾದದವರೆಗೆ ಬಟ್ಟೆ ಹಾಕಿಕೊಂಡು, ವಾಲ್ಟ್ ಇದ್ದ ದಿಕ್ಕಿಗೆ ಬೆನ್ನು ಮಾಡಿಕೊಂಡು. ಜಯಮ್ಮ ಮಾತ್ರ ಜೂನ್ ಪಕ್ಕದಲ್ಲಿ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರ ಧ್ವನಿ ಬದಲಾಯಿತು.

‘ವಾಟ್ ಈಸ್ ದಿಸ್?’

ಜೂನ್‌ಳ ಎರಡು ಮಂಡಿಗಳ ಮೇಲೂ ಮೇಲಿನಿಂದ ಕೆಳಕ್ಕೆ ನೇರವಾದ ಗಾಯದ ಗೆರೆ. ಎರಡೂ ಬದಲಾಯಿಸಿದ್ದು, ಮೊದಲು ಎಡ, ಮರುವರ್ಷ ಬಲ ಎಂದಳು ಆಕೆ.

‘ಆಫ್ಟರ್ ದಟ್, ಹೌ ಯು ಕೇಮ್ ಹಿಯರ್?’

‘ನಡೆದುಕೊಂಡು ಬಂದೆ. ನಮ್ಮ ಹೇಸರಗತ್ತೆಗಳು ಕೆಳಗೆ ಹುಲ್ಲುಗಾವಲಿನಲ್ಲಿವೆ, ಅವು ಸಾಮಾನು ಹೊರುತ್ತವೆ. ನಾನು ಅವುಗಳ ಮೇಲೆ ಕೂರುವುದಿಲ್ಲ, ಆ ಸವಾರಿ ನನ್ನ ಸೊಂಟಕ್ಕೆ ಆಗದು’ ಎಂದಳು ಜೂನ್. ಆಪರೇಷನ್ನಿಗೆ ಮೊದಲು ಹೆದರಿದ್ದಿರಾ ಎಂದು ಜಯಮ್ಮ ಕೇಳಿದರು. ‘ಆಸ್ಪತ್ರೆಯ ಪಾರ್ಕಿಂಗ್‌ನಿಂದ ಎರಡು ಸಲ ವಾಪಸು ಮನೆಗೆ ಓಡಿಬಂದಿದ್ದಾಳೆ, ಆ ಕೆಟ್ಟ ಮಂಡಿಗಳಲ್ಲೇ’ ಎಂದು ವಾಲ್ಟ್ ಆಚೆಯಿಂದ ಹೇಳಿದ. ಜೂನ್ ಅವನ ಕಡೆ ನೀರು ಎರಚಿದಳು. ಜಯಮ್ಮ ಆ ಗೆರೆಯ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ಮೆಲ್ಲಗೆ ಎಳೆದು ನೋಡಿದರು. ಆಮೇಲೆ ಚೊಂಬು ತುಂಬಿ ಜೂನ್‌ಳ ತಲೆಯ ಮೇಲೆ ಹುಯ್ದರು. ಜೂನ್ ಇನ್ನೊಂದು ಕೇಳಿದಳು.

ವಿದ್ಯಾ ಇದನ್ನೆಲ್ಲ ಬೆನ್ನು ತಿರುಗಿಸಿಕೊಂಡೇ ಕೇಳುತ್ತಿದ್ದಳು. ಅವಳು ಮುಖಕ್ಕೆ ನೀರು ಹಾಕಿಕೊಳ್ಳುತ್ತಲೇ ಇದ್ದಳು.

ಬೆಳಿಗ್ಗೆ ಜಯಮ್ಮನ ಮಂಡಿಯ ಊತ ಇಳಿದಿತ್ತು. ಹೊರಡುವ ಮೊದಲು ನಾನು ಎಲ್ಲರನ್ನೂ ನಿಲ್ಲಿಸಿ, ಇಳಿಯುವಾಗಲೇ ಹೆಚ್ಚು ಜನ ಬೀಳುವುದು, ಇಬ್ಬನಿ ಬಿದ್ದ ದಿಮ್ಮಿಯ ಮೇಲೆ ಕಾಲಿಡುವಾಗ ಹೀಗೆ ಅಡ್ಡವಾಗಿ ಇಡಬೇಕು ಎಂದು ಹೇಳಿ, ಹೇಗೆ ಎಂದು ತೋರಿಸಲು ಒಂದು ದಿಮ್ಮಿಯ ಮೇಲೆ ಕಾಲಿಟ್ಟೆ. ಮುಂದಿನ ಕ್ಷಣ ನಾನು ದಿಮ್ಮಿಯ ಆಚೆ ಬದಿಯಲ್ಲಿದ್ದೆ. ಪಾದ ಬೇರೆ ಯಾವುದೋ ದಿಕ್ಕಿಗೆ ಹೊರಳಿತ್ತು.

‘ಆಂಟಿ, ಇದು ಡೆಮೋನಾ?’ ಎಂದ ಪ್ರಶಾಂತ್. ಅವನು ವ್ಯಂಗ್ಯ ಮಾಡುತ್ತಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಬೂಟು ಬಿಚ್ಚುವ ಹೊತ್ತಿಗೆ ಕಣಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ವಿದ್ಯಾ ಅದನ್ನು ಬಿಗಿಯಾಗಿ ಸುತ್ತಿದಳು, ನೋವಿನ ಮಾತ್ರೆ ಕೊಟ್ಟಳು. ನಾನು ಸ್ಯಾಟಲೈಟ್ ಯಂತ್ರದಿಂದ ಆಫೀಸಿಗೆ ಸುದ್ದಿ ಕಳಿಸಿದೆ: ಒಬ್ಬರಿಗೆ ಪೆಟ್ಟಾಗಿದೆ, ನಡೆಯಲಾಗದು. ಕುಲಕರ್ಣಿ ಸರ್ ಉತ್ತರ ಬಂತು: ‘ಯಾರಿಗೆ? ಗಾಬರಿ ಆಗಬ್ಯಾಡ್ರಿ, ಪದ್ಮಿನಿಯವರು ನೋಡ್ಕೋತಾರ.’ ಪದ್ಮಿನಿಗೇ ಪೆಟ್ಟಾಗಿದೆ ಎಂದು ತಿಳಿಸಿದ ಮೇಲೆ ಬಹಳ ಹೊತ್ತು ಯಂತ್ರ ಸುಮ್ಮನಿತ್ತು.

ರಕ್ಷಣಾ ದಳವನ್ನು ಕರೆಯುವ ಕೆಂಪು ಗುಂಡಿಯನ್ನು ಒತ್ತಲೇ ಎಂದು ಯೋಚಿಸುತ್ತಿದ್ದಾಗ ಕೆಳಗಿನಿಂದ ಗೊರಸಿನ ಸಪ್ಪಳ ಬಂತು. ದೊಡ್ಡ ಟೋಪಿ, ಚೌಕಳಿ ಅಂಗಿ ಹಾಕಿದ ಒಬ್ಬ ಮುದುಕ ಎರಡು ಹೇಸರಗತ್ತೆಗಳನ್ನು ಹಿಡಿದುಕೊಂಡು ಬಂದ. ಕೂಗು ಕೇಳಿಸಿತು, ಏನಾಯಿತು ಎಂದು ಕೇಳಿದ. ಪ್ರಶಾಂತ್ ಮುಂದೆ ಹೋಗಿ ಕೈಕುಲುಕಿ, ತನ್ನ ಹೆಸರು ಹೇಳಿ, ನಾವು ಷಿಕಾಗೋ, ಡೆಟ್ರಾಯಿಟ್ ಕಡೆಯವರು, ನಿನ್ನೆ ಬಂದೆವು ಎಂದು ಮೊದಲಿನಿಂದ ವಿವರಿಸತೊಡಗಿದ. ಮುದುಕ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದ.

‘ಗುಡ್ ಮಾರ್ನಿಂಗ್ ವಾಲ್ಟ್, ವೇರ್ ಈಸ್ ಜೂನ್?’ ಎಂದರು ಜಯಮ್ಮ.

ಪ್ರಶಾಂತನ ಕೈ ಇನ್ನೂ ಅವನ ಕೈಯಲ್ಲೇ ಇತ್ತು. ನಮ್ಮಲ್ಲಿ ಯಾರಿಗೂ ಆತನ ಗುರುತು ಸಿಕ್ಕಿರಲಿಲ್ಲ. ಹಿಂದಿನ ದಿನ ಅವನ ಮುಖ ನೋಡಿದ್ದು ಜಯಮ್ಮ ಒಬ್ಬರೇ.

ನನ್ನನ್ನು ಹೇಸರಗತ್ತೆಯ ಮೇಲೆ ಕೂರಿಸಿದರು. ಅದರ ಹೆಸರು ಡಾರ್ಲಿಂಗ್. ನನ್ನ ಮೇಲೆ ಅದಕ್ಕೆ ಅಂಥ ಭಾವನೆ ಏನೂ ಇರಲಿಲ್ಲ. ಬಿದ್ದ ಮರಗಳನ್ನು ತಪ್ಪಿಸಿ ಸುತ್ತಿಕೊಂಡು ಹೋಗುವ ಬೇರೆ ದಾರಿ ವಾಲ್ಟ್‌ಗೆ ತಿಳಿದಿತ್ತು. ಜಯಮ್ಮ ಎಲ್ಲರಿಗಿಂತ ಮುಂದೆ, ಜೂನ್ ಕೊಟ್ಟ ಒಂದು ಕೋಲು ಊರಿಕೊಂಡು. ಹೊಳೆಯಲ್ಲಿ ಮತ್ತೆ ಲೆಫ್ಟ್ ರೈಟ್ ಆಯಿತು. ಡಾರ್ಲಿಂಗ್ ಮಾತ್ರ ಅದಕ್ಕೆ ಕಿವಿಗೊಡದೆ ನಡುನೀರಿನಲ್ಲಿ ನಿಂತು ನೀರು ಕುಡಿಯಿತು. ಗುಂಪಿನ ಕೊನೆಯಲ್ಲಿ, ಸಾಮಾನಿನ ಜೊತೆ, ಲೀಡರಾದ ನಾನು ಬರುತ್ತಿದ್ದೆ.

ಕೆಳಗೆ ವ್ಯಾನಿನ ಹತ್ತಿರ ವಿದ್ಯಾ ಬಂದು ಪಕ್ಕದಲ್ಲಿ ನಿಂತಳು. ‘ಆಂಟಿ, ನಿಮ್ಮ ಮೇಲೆ ಇನ್ನೂ ಕೋಪ ಇದೆ ನನಗೆ’ ಎಂದಳು.

‘ಇರ್ಲಿ’ ಎಂದೆ.

‘ಅಮ್ಮ ಬೆಳಿಗ್ಗೆ ಡೇಟ್ ಬುಕ್ ಮಾಡು ಅಂದ್ರು. ಅವರಾಗೇ.’ ಅವಳು ಹೊಳೆಯ ಕಡೆ ನೋಡುತ್ತಿದ್ದಳು. ‘ಆರು ತಿಂಗಳಿಂದ ಸ್ಪೆಷಲಿಸ್ಟ್ ಹತ್ರ ಕರ್ಕೊಂಡು ಓಡಾಡ್ತಿದೀನಿ. ಬಟ್ಟೆ ಇಲ್ದೆ ಕೂತಿದ್ದ ಹೆಂಗಸು ಎರಡು ಮಾತಲ್ಲಿ ಒಪ್ಪಿಸಿಬಿಟ್ರು.’ ಅಲ್ಲಿಗೆ ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ವ್ಯಾನಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಆ ಶರತ್ಕಾಲದಲ್ಲಿ ಜಯಮ್ಮನ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗ, ತನಗೇ ನೆಟ್ಟಗೆ ನಿಲ್ಲಲು ಹೇಳುತ್ತಾರೆಂದು ವಿದ್ಯಾಳ ಹತ್ತಿರ ದೂರಿದನಂತೆ. ನನ್ನ ಕಣಕಾಲು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಅದಾದ ಮೇಲೆ ಒಂದೆರಡು ಸಣ್ಣ ಟ್ರಿಪ್ ಮಾಡಿ ನಿಲ್ಲಿಸಿದೆ. ವಿಷಾದವೇನಿಲ್ಲ.

ಆದರೆ ಇದೆಲ್ಲ ಆಮೇಲಿನ ಮಾತು. ಅವತ್ತು ನಾವು ಬಾಯ್ಸಿಯಿಂದ ಷಿಕಾಗೋಗೆ ವಿಮಾನ ಹಿಡಿಯಬೇಕಿತ್ತು. ವಿಮಾನನಿಲ್ದಾಣದ ಬಾಗಿಲಲ್ಲಿ ನಾನು ಒಂದು ಕಡೆ ಅನಿಕಾ, ಇನ್ನೊಂದು ಕಡೆ ಸೌಮ್ಯಳ ಹೆಗಲು ಹಿಡಿದು ಕುಂಟುತ್ತಿದ್ದೆ. ಸಮವಸ್ತ್ರದ ಒಬ್ಬ ಹೆಂಗಸು ಗಾಲಿಕುರ್ಚಿ ತಳ್ಳಿಕೊಂಡು ಬಂದು, ಕೈಲಿದ್ದ ಚೀಟಿಯಿಂದ ಜಯಲಕ್ಷ್ಮಮ್ಮ ಎಂಬ ಹೆಸರನ್ನು ಕಷ್ಟಪಟ್ಟು ಓದಿದಳು. ನಮ್ಮಲ್ಲಿ ಎಲ್ಲ ಮಕ್ಕಳೂ ಮಾಡುವಂತೆ ವಿದ್ಯಾ ಟಿಕೆಟ್ ಜೊತೆಗೆ ಅಮ್ಮನಿಗೊಂದು ಗಾಲಿಕುರ್ಚಿಯನ್ನೂ ಹೇಳಿಟ್ಟಿದ್ದಳು.

‘ದಟ್ ಈಸ್ ಮೀ’ ಎಂದರು ಜಯಮ್ಮ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ತೋಳು ಹಿಡಿದು, ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ‘ಬಟ್ ಶಿ ವಿಲ್ ಸಿಟ್.’

ಆ ಹೆಂಗಸಿಗೆ ಗೊಂದಲವಾಯಿತು. ಬೂಟಿನವರೆಗೆ ಮಸಿ ಮೆತ್ತಿಕೊಂಡು ನೆಟ್ಟಗೆ ನಿಂತಿದ್ದ ಜಯಮ್ಮನನ್ನು ನೋಡಿದಳು, ಕುರ್ಚಿಯಲ್ಲಿದ್ದ ನನ್ನನ್ನು ನೋಡಿದಳು. ‘ಇವರು ಯಾರು? ನಿಮ್ಮ ತಂಗಿಯೇ?’ ಎಂದು ಕೇಳಿದಳು.

‘ನೋ’ ಎಂದರು ಜಯಮ್ಮ, ತುಂಬ ಗೌರವದಿಂದ. ‘ಶಿ ಈಸ್ ಅವರ್ ಗೈಡ್.’

ಆಕೆ ಚೀಟಿಯನ್ನು ಜೇಬಿಗಿಟ್ಟಳು. ಬಗ್ಗಿ, ಕುರ್ಚಿಯ ಪಾದದ ಹಲಗೆಯನ್ನು ಇಳಿಸಿ, ನನ್ನ ಕಾಲನ್ನು ಎತ್ತಿ ಅದರ ಮೇಲಿಟ್ಟಳು.